ಒಂದು ಹಳ್ಳಿ, ಒಂದು ಒಲೆ, ಒಂದು ಸಂಘ

(ಪಕ್ಷದ ಅಭ್ಯಾಸ ವರ್ಗದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿ ಕೆಲಸಗಾರರೂ ಸಣ್ಣ ಅಂಗಡಿಕಾರರೂ ಕೂಡಿ ಒಂದು ಪತ್ತಿನ ಸಂಘ ಕಟ್ಟಬೇಕೆಂಬ ಮಾತು ನಮ್ಮಲ್ಲಿ ಎದ್ದಿದೆ. ಆಗಲೆಂದು ಕೆಲವರು, ಬೇಡವೆಂದು ಕೆಲವರು. ಬೇಡವೆಂಬವರ ಮಾತೂ ಹುರುಳಿಲ್ಲದ್ದಲ್ಲ. ಆದುದರಿಂದ ಈ ದಿನ ನಾವು ವಾದ ಮಾಡಲು ಬಂದಿಲ್ಲ, ಒಂದು ಹಳ್ಳಿಯ ಕಥೆ ಹೇಳಲು ಬಂದಿದ್ದೇವೆ. ಕೇಳಿದ ಮೇಲೆ ತೀರ್ಮಾನ ನಿಮ್ಮದು.

ಹಳ್ಳಿ ಜರ್ಮನಿಯದು. ಹೆಸರು ವೈಯರ್‌ಬುಶ್. ನಾಲಿಗೆ ತಿರುಗದಿದ್ದರೂ ಚಿಂತೆಯಿಲ್ಲ, ನೆನಪಿನಲ್ಲಿದ್ದರೆ ಸಾಕು. ಇಂದಿಗೂ ಎರಡು ಸಾವಿರ ಜನ ತುಂಬದ ಊರು.

ಮಾಸ್ತರಿಕೆಯ ಹಳೆಯ ಚಾಳಿ ಬಿಟ್ಟಿಲ್ಲ, ಮೊದಲು ಭೂಗೋಳವನ್ನೇ ಹೇಳುತ್ತೇವೆ. ಜರ್ಮನಿಯ ಪಶ್ಚಿಮ ಭಾಗದಲ್ಲಿ ರೈನ್ ನದಿ ಹರಿಯುತ್ತದೆ. ಅದರ ಬಲದಂಡೆಯ ಮೇಲೆ, ಉತ್ತರಕ್ಕೆ ಜೀಗ್ ಮತ್ತು ದಕ್ಷಿಣಕ್ಕೆ ಲಾನ್ ಎಂಬ ಎರಡು ಉಪನದಿಗಳ ನಡುವೆ, ವೆಸ್ಟರ್‌ವಾಲ್ಡ್ ಎಂಬ ಗುಡ್ಡನಾಡು. ಅತಿ ಎತ್ತರದ ಗುಡ್ಡವೂ 657 ಮೀಟರು ಮಾತ್ರ. ಆದರೆ ಗಾಳಿ ತಂಪು, ಮಳೆ ಹೆಚ್ಚು, ಚಳಿಗಾಲ ಉದ್ದ. ಗೋದಿ ಚೆನ್ನಾಗಿ ಬೆಳೆಯುವ ಸೀಮೆಯಲ್ಲ. ಬೆಳೆಯುತ್ತಿದ್ದದ್ದು ರೈ ಎಂಬ ಒರಟು ಧಾನ್ಯ, ಓಟ್ಸ್ ಮತ್ತು ಬಟಾಟೆ. ಈ ಗುಡ್ಡನಾಡಿನ ಉತ್ತರದ ಅಂಚಿನಲ್ಲಿ, ಕಲೋನಿನಿಂದ ಫ್ರಾಂಕ್‌ಫರ್ಟಿಗೆ ಹೋಗುವ ಹಳೆಯ ಹೆದ್ದಾರಿಯ ಮೇಲೆ ವೈಯರ್‌ಬುಶ್ ಇದೆ. 1815ರಲ್ಲಿ ರೈನ್ ಪ್ರಾಂತ ಪ್ರಷ್ಯದ ಅರಸನ ಕೈಗೆ ಬಂತು. ಅರಸನ ರಾಜಧಾನಿ ಬರ್ಲಿನ್ ಬಲು ದೂರ, ಅವನ ಕಂದಾಯ ಮಾತ್ರ ಹತ್ತಿರ.

ಒಕ್ಕಲಿಗನಿಗೆ ಇದ್ದದ್ದು ತುಂಡು ಹೊಲ. ರೊಕ್ಕ ಅವನ ಕೈಗೆ ವರ್ಷಕ್ಕೊಮ್ಮೆ ಬಂದರೆ ಬಂತು. ಬೀಜಕ್ಕೆ, ಹಸುವಿಗೆ, ಕಂದಾಯಕ್ಕೆ ಸಾಲ. ಲೇವಾದೇವಿಗಾರನಲ್ಲದೆ ಬೇರೆ ಬ್ಯಾಂಕು ಹಳ್ಳಿಗೆ ಗೊತ್ತಿರಲಿಲ್ಲ. ಹಸುವನ್ನು ಸಾಲವಾಗಿ ಕೊಡುವ ಪದ್ಧತಿಯೂ ಇತ್ತು. ಮೇವು ಹಾಕುವವನು ಒಕ್ಕಲಿಗ, ಹಸು ಸಾಹುಕಾರನದು. ಕರು ಹುಟ್ಟಿದರೆ ಅದರಲ್ಲೂ ಸಾಹುಕಾರನ ಪಾಲು. ಸಾಲ ತೀರದಿದ್ದರೆ ಹಸುವೂ ಹೋಯಿತು, ಹೊಲವೂ ಹೋಯಿತು. ಗಿರಣಿಯ ಬಾಗಿಲಲ್ಲಿ ಪಗಾರದ ದಿನ ಕಾದು ನಿಲ್ಲುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1845ರಲ್ಲಿ ಈ ಊರಿಗೆ ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಸನ್ ಎಂಬ ತರುಣ ಮೇಯರಾಗಿ ಬಂದ. ನಮ್ಮ ನಗರಸಭೆಯ ಅಧ್ಯಕ್ಷರಂತೆ ಚುನಾಯಿತನಲ್ಲ. ವೈಯರ್‌ಬುಶ್ ಮೊದಲಾದ 22 ಹಳ್ಳಿಗಳ ಮೇಲೆ ಸರಕಾರ ನೇಮಿಸಿದ ಅಧಿಕಾರಿ. ಹುಟ್ಟಿದ್ದು 1818ರ ಮಾರ್ಚ್ 30ರಂದು, ಹತ್ತಿರದಲ್ಲೇ ಜೀಗ್ ನದಿಯ ಹಾಮ್ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವನು. ಮುಂದೆ ಓದಲು ಮನೆಯಲ್ಲಿ ಅನುಕೂಲವಿರಲಿಲ್ಲ. ಹದಿನೇಳಕ್ಕೆ ಸೈನ್ಯ ಸೇರಿ ತೋಪಿನ ದಳದಲ್ಲಿದ್ದ. ಕಣ್ಣಿನ ಬೇನೆ ಹತ್ತಿದ್ದರಿಂದ ಸೈನ್ಯ ಬಿಟ್ಟು ಸರಕಾರಿ ನೌಕರಿಗೆ ಬಂದ. ಒಂದು ಮಾತು ಈಗಲೇ ಹೇಳಿಬಿಡುತ್ತೇವೆ: ಈತ ಸಮಾಜವಾದಿಯಲ್ಲ. ದೈವಭಕ್ತ ಕ್ರೈಸ್ತ, ಅರಸನಿಗೆ ನಿಷ್ಠ. ಆದರೂ ಈತನಿಂದ ಕಲಿಯುವುದಿದೆ. ಕಲಿಯುವಾಗ ಪಕ್ಷದ ಚೀಟಿ ಕೇಳಬಾರದು.

ಅವನು ಬಂದ ವರ್ಷವೇ ಯುರೋಪಿನಲ್ಲಿ ಬಟಾಟೆಗೆ ಕೊಳೆರೋಗ ಬಿತ್ತು. ಮರುವರ್ಷ ರೈ ಬೆಳೆಯೂ ಕೆಟ್ಟಿತು. 1846–47ರ ಚಳಿಗಾಲವನ್ನು ಆ ಸೀಮೆಯವರು ಹಸಿವಿನ ಚಳಿಗಾಲ ಎಂದೇ ಕರೆಯುತ್ತಾರೆ. ಧಾರಣೆ ಏರಿತು. ಧಾನ್ಯವಿದ್ದವನು ಇನ್ನೂ ಏರಲಿ ಎಂದು ಬಾಗಿಲು ಹಾಕಿ ಕುಳಿತ. ಆಗ ಪ್ರಷ್ಯ ಸರಕಾರ ಹಿಟ್ಟು ಕಳಿಸಿತು, ಆದರೆ ಕಟ್ಟಪ್ಪಣೆಯೊಂದಿಗೆ: ರೋಖು ಕೊಟ್ಟವರಿಗೆ ಮಾತ್ರ ಹಿಟ್ಟು, ಉದ್ರಿ ಕೂಡದು.

ಬಂಧುಗಳೇ, ಯೋಚಿಸಿ ನೋಡಿರಿ. ರೋಖು ಇದ್ದವನು ಹಸಿದಿರಲಿಲ್ಲ. ಹಸಿದವನಲ್ಲಿ ರೋಖು ಇರಲಿಲ್ಲ. ಕಾಗದದ ಮೇಲೆ ಸರಕಾರದ ಕರ್ತವ್ಯ ಮುಗಿದಿತ್ತು. ಮೂಟೆಯ ಮುಂದೆಯೇ ಜನ ಉಪವಾಸ ಬೀಳುವ ಹಾಗಿತ್ತು. ರೈಫೈಸನ್ ಅಪ್ಪಣೆಯನ್ನು ಬದಿಗಿಟ್ಟು ಉದ್ರಿ ಕೊಟ್ಟ. ಮೇಲಿನವರು ಕೇಳಿದರೆ ಉತ್ತರ ಹೇಳಬೇಕಾದವನು ತಾನೇ ಎಂದು ತಿಳಿದೇ ಕೊಟ್ಟ. ಮಕ್ಕಳೊಂದಿಗನ, ಅನುಕೂಲವಿಲ್ಲದ ನೌಕರನಿಗೆ ಅದು ಸಣ್ಣ ಮಾತಲ್ಲ.

ಆ ಹಿಟ್ಟು ಎಷ್ಟು ದಿನದ ಮಾತು? ಊರಿನ ಅನುಕೂಲಸ್ಥರನ್ನು ಕೂಡಿಸಿ ವರ್ಗಣಿ ಎತ್ತಿದ. ಆ ಹಣದಿಂದ ಒಟ್ಟಿಗೆ ಧಾನ್ಯ ತರಿಸಿದ. ಊರಿನಲ್ಲಿ ಎಲ್ಲರಿಗೂ ಸೇರಿದ ಒಂದು ರೊಟ್ಟಿಯ ಒಲೆಮನೆ ಕಟ್ಟಿಸಿದ. ಅಲ್ಲಿ ಬೆಂದ ರೊಟ್ಟಿ ಪೇಟೆಯ ಅರ್ಧ ಬೆಲೆಗೆ ಸಿಕ್ಕಿತು, ಅದೂ ಸುಗ್ಗಿಯ ಮೇಲೆ ತೀರಿಸುವ ಕರಾರಿನಲ್ಲಿ. ಬಿತ್ತನೆಗೆ ಬಟಾಟೆಯನ್ನೂ ಒದಗಿಸಿದರು. ಇದಕ್ಕೆ ವೈಯರ್‌ಬುಶ್ ರೊಟ್ಟಿ ಸಂಘವೆಂದು ಹೆಸರು. ಕೊಂಡವರು ಸಾಲವನ್ನು ತೀರಿಸಿದರು.

ಬಡವನಿಗೆ ಸಾಲ ಕೊಟ್ಟರೆ ಮುಳುಗಿತು ಎಂಬುದು ಸಾಹುಕಾರನ ಶಾಸ್ತ್ರ. ಮುಳುಗುವ ಭಯಕ್ಕೇ ಬಡ್ಡಿ ಏರಿಸುತ್ತೇನೆ ಎನ್ನುತ್ತಾನೆ. ಬಡ್ಡಿ ಏರಿದ್ದರಿಂದಲೇ ಬಡವ ಮುಳುಗುತ್ತಾನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಈ ಶಾಸ್ತ್ರ ಸುಳ್ಳೆಂದು ಆ ಒಲೆಮನೆ ತೋರಿಸಿತು.

ಆತ ಶಾಲೆಯನ್ನೂ ಕಟ್ಟಿಸಿದ. ರಸ್ತೆಯ ಕೆಲಸವನ್ನೂ ಹಿಡಿದ. ಬೆಳೆದ ಮಾಲು ರೈನ್ ದಂಡೆಯ ಪೇಟೆಗೆ ತಲುಪಿದರಲ್ಲವೇ ಒಕ್ಕಲಿಗನಿಗೆ ನಾಲ್ಕು ಕಾಸು? ಹಾಮ್‌ನಿಂದ ವೈಯರ್‌ಬುಶ್ ಕಡೆಯ ಗುಡ್ಡಗಳನ್ನು ದಾಟಿ ರೈನ್ ದಂಡೆಯ ನಾಯ್‌ವೀಡ್ ಮುಟ್ಟುವ ಆ ಹಾದಿಗೆ ಇಂದು ಅವನದೇ ಹೆಸರು.

1848ರಲ್ಲಿ ಅವನನ್ನು ನೆರೆಯ ಫ್ಲಾಮರ್ಸ್‌ಫೆಲ್ಡಿಗೆ ವರ್ಗ ಮಾಡಿದರು. ಅಲ್ಲಿ ಕೊರಳು ಹಿಸುಕುತ್ತಿದ್ದದ್ದು ಹಸುವಿನ ಸಾಲ. 1849ರಲ್ಲಿ ಅರವತ್ತು ಮಂದಿ ಅನುಕೂಲಸ್ಥರು ಒಬ್ಬರಿಗೊಬ್ಬರು ಜಾಮೀನಾಗಿ ಸಹಾಯಕ ಸಂಘ ಕಟ್ಟಿದರು. ಸಂಘವೇ ಹಸು ಕೊಂಡು ಒಕ್ಕಲಿಗನಿಗೆ ಕೊಡುವುದು, ಆತ ಕಂತಿನ ಮೇಲೆ ತೀರಿಸುವುದು. 1852ರಲ್ಲಿ ಮತ್ತೆ ವರ್ಗ, ರೈನ್ ದಂಡೆಯ ಹೆಡ್ಡೆಸ್‌ಡೋರ್ಫಿಗೆ. ಅಲ್ಲಿ 1854ರಲ್ಲಿ ಇನ್ನೊಂದು ಧರ್ಮಸಂಘ.

ಇಲ್ಲಿ ಕಥೆ ತಿರುಗುತ್ತದೆ, ಗಮನವಿಟ್ಟು ಕೇಳಬೇಕು. ಈ ಮೂರೂ ಸಂಘಗಳಲ್ಲಿ ಕೊಡುವವರು ಒಂದು ಕಡೆ, ತೆಗೆದುಕೊಳ್ಳುವವರು ಇನ್ನೊಂದು ಕಡೆ. ಸಂಘ ಸಿರಿವಂತರ ಕೈಯಲ್ಲಿತ್ತು. ಬರಗಾಲದ ಬಿಸಿ ಇರುವ ತನಕ ಅವರ ಮನಸ್ಸೂ ಕರಗಿತ್ತು. ಬರ ಹೋಯಿತು, ಉತ್ಸಾಹವೂ ಆರಿತು. ದಾನದ ಹುಮ್ಮಸ್ಸು ಹಬ್ಬದ ತೋರಣದಂತೆ, ಹಬ್ಬ ಮುಗಿದ ಮೇಲೆ ಒಣಗುತ್ತದೆ. ದಾನವನ್ನೇ ನಂಬಿದ್ದ ರೈಫೈಸನ್ನನಿಗೆ ಇದನ್ನು ಒಪ್ಪಿಕೊಳ್ಳಲು ಹತ್ತಾರು ವರ್ಷ ಹಿಡಿಯಿತು. ಕೊನೆಗೆ ಒಪ್ಪಿದ. 1862ರಲ್ಲಿ ಆನ್‌ಹೌಸನ್ ಎಂಬಲ್ಲಿ, 1864ರಲ್ಲಿ ಹೆಡ್ಡೆಸ್‌ಡೋರ್ಫಿನಲ್ಲಿ ಹೊಸ ತರಹದ ಪತ್ತಿನ ಸಂಘಗಳು ಎದ್ದವು. ಸಾಲ ಬೇಕಾದವನೇ ಸಂಘದ ಸದಸ್ಯ, ಅವನೇ ಒಡೆಯ, ಅವನೇ ಹೊಣೆಗಾರ.

ಅದರ ಕಟ್ಟಳೆಗಳು ನಾಲ್ಕೈದು. ಒಂದು, ಸಂಘದ ಎಲ್ಲೆ ಒಂದು ಸಣ್ಣ ಪ್ರದೇಶ. ಎಲ್ಲರೂ ಎಲ್ಲರನ್ನೂ ಬಲ್ಲವರಾಗಿರಬೇಕು. ಎರಡು, ಹೊಣೆ ಅಪರಿಮಿತ. ಸಂಘ ಸೋತರೆ ಪ್ರತಿಯೊಬ್ಬನ ಆಸ್ತಿಯೂ ಅದಕ್ಕೆ ಉತ್ತರ ಹೇಳಬೇಕು. ಮೂರು, ಆಡಳಿತ ನಡೆಸುವವರಿಗೆ ಸಂಬಳವಿಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ಉಂಟು. ನಾಲ್ಕು, ಬಂದ ಲಾಭವನ್ನು ಹಂಚಿಕೊಳ್ಳದೆ, ಯಾರೂ ಪಾಲು ಕೇಳಲಾಗದ ನಿಧಿಯಲ್ಲಿಡುವುದು. ಐದು, ಸಾಲ ಯಾತಕ್ಕೆಂದು ಹೇಳಬೇಕು, ಹೇಳಿದ್ದಕ್ಕೇ ಖರ್ಚು ಮಾಡಬೇಕು.

ಎರಡನೆಯ ಕಟ್ಟಳೆ ಕೇಳಿ ಕೆಲವರು ಬೆಚ್ಚಿದಿರಿ. ನೆರೆಯವನು ಓಡಿಹೋದರೆ ನಮ್ಮ ಹಸು ಹೋಗಬೇಕೇ? ಆದರೆ ಅದೇ ಭಯ ಅಲ್ಲಿ ಕೆಲಸ ಮಾಡಿತು. ಸಾಲ ಪಡೆದವನು ಹಸು ಕೊಂಡನೋ ಹೆಂಡ ಕುಡಿದನೋ ಎಂದು ಊರೇ ನೋಡುತ್ತಿತ್ತು. ಆಸ್ತಿಯಿಲ್ಲದವನಿಗೆ ಊರಿನ ಕಣ್ಣೇ ಜಾಮೀನು. ಒಬ್ಬೊಬ್ಬನಾಗಿ ಪೇಟೆಗೆ ಹೋದರೆ ಪತ್ತಿಲ್ಲದ ನೂರು ಜನಕ್ಕೆ, ನೂರು ಜನವಾಗಿ ಹೋದಾಗ ಪತ್ತು ಸಿಕ್ಕಿತು.

1863ರಲ್ಲಿ ಅವನ ಹೆಂಡತಿ ತೀರಿಕೊಂಡಳು. ಕಣ್ಣು ಮಂಜಾಗಿ 1865ರಲ್ಲಿ ನೌಕರಿಯೂ ಹೋಯಿತು. ಮರುವರ್ಷ ಪತ್ತಿನ ಸಂಘಗಳ ಮೇಲೆ ಪುಸ್ತಕ ಹೊರಬಂತು. ಬರವಣಿಗೆಯಲ್ಲಿ ಮಗಳು ಅಮಾಲಿಯೇ ಅವನಿಗೆ ಕಣ್ಣಾಗಿದ್ದಳು. 1888ರ ಮಾರ್ಚ್ 11ರಂದು ಆತ ಸತ್ತಾಗ ಈ ಸಂಘಗಳು ಜರ್ಮನಿಯ ಹಳ್ಳಿಹಳ್ಳಿಗಳಲ್ಲಿ ಹಬ್ಬುತ್ತಿದ್ದವು.

ವ್ಯಾಪಾರಿ ಮಿತ್ರರು ಕೇಳಬಹುದು, ನಮಗೇನಿದೆ ಎಂದು. ಅದೇ ಕಾಲದಲ್ಲಿ ಡೆಲಿಟ್ಶ್ ಎಂಬ ಪಟ್ಟಣದ ಹೆರ್ಮನ್ ಶುಲ್ಜೆ ಎಂಬಾತ 1850ರಿಂದ ಕಸಬುದಾರರಿಗೂ ಅಂಗಡಿಕಾರರಿಗೂ ಪತ್ತಿನ ಸಂಘ ಕಟ್ಟುತ್ತಿದ್ದ. ಅಲ್ಲಿ ಷೇರು ಉಂಟು, ಲಾಭಾಂಶ ಉಂಟು, ಸಾಲದ ವಾಯಿದೆ ಗಿಡ್ಡ. ಅಂಗಡಿಯ ಹಣ ತಿಂಗಳಲ್ಲಿ ತಿರುಗುತ್ತದೆ, ಹೊಲದ ಹಣ ಸುಗ್ಗಿಗೆ ತಿರುಗುತ್ತದೆ. ಹಣದ ನಡೆ ಬೇರೆಯಾದ್ದರಿಂದ ಸಂಘದ ನಡೆಯೂ ಬೇರೆ.

ಈಗ ನಮ್ಮವರ ಮಾತು. ಶುಲ್ಜೆಯನ್ನು ಎದುರಿಸಿದವನು ಫರ್ಡಿನಾಂಡ್ ಲಸಾಲ್. 1863ರ ಮೇ 23ರಂದು ಲೈಪ್‌ಜಿಗ್‌ನಲ್ಲಿ ಜರ್ಮನ್ ಕಾರ್ಮಿಕ ಸಂಘವನ್ನು ಸ್ಥಾಪಿಸಿದವನು ಅವನೇ. ಉಳಿತಾಯ ಸಂಘ ಅಂಗಡಿಕಾರನಿಗೆ ಆದೀತು. ಕೂಲಿಯವನಿಗೆ ಉಳಿಯುವುದೇ ಇಲ್ಲ, ಉಳಿಸುವುದೆಲ್ಲಿಂದ? ಕೂಲಿ ಹೊಟ್ಟೆಯಷ್ಟಕ್ಕೇ ಇಳಿಯುತ್ತದೆ, ಆದುದರಿಂದ ಸರಕಾರವೇ ಬಂಡವಾಳ ಕೊಟ್ಟು ಕೆಲಸಗಾರರ ಉತ್ಪಾದಕ ಸಂಘಗಳನ್ನು ಎಬ್ಬಿಸಬೇಕು ಎಂಬುದು ಅವನ ವಾದ. ನಮ್ಮಲ್ಲಿ ಸಂಘ ಬೇಡವೆಂಬವರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಪತ್ತಿನ ಸಂಘ ಪಗಾರ ಹೆಚ್ಚಿಸದು, ಗಿರಣಿಯ ಒಡೆತನ ಬದಲಿಸದು. ನಿಜ. ಅದಕ್ಕೆ ಯೂನಿಯನ್ ಇದೆ, ಪಕ್ಷ ಇದೆ. ಆದರೆ ಸಾಹುಕಾರನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದವನು ಮುಷ್ಕರದ ಎಂಟನೆಯ ದಿನ ಯಾರ ಮಾತು ಕೇಳುತ್ತಾನೆ? ಈ ಪ್ರಶ್ನೆಗೂ ಉತ್ತರ ಬೇಕಲ್ಲವೇ?

ಈ ಕಥೆ ನಮ್ಮ ನಾಡಿಗೂ ಬಂತು. ಮದ್ರಾಸು ಸರಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ ಯುರೋಪಿನ ಪತ್ತಿನ ಸಂಘಗಳನ್ನು ಅಭ್ಯಾಸ ಮಾಡುವ ಕೆಲಸ ಒಪ್ಪಿಸಿತು. 1895 ಮತ್ತು 1897ರಲ್ಲಿ ಬಂದ ಅವನ ವರದಿ ರೈಫೈಸನ್ನನ ದಾರಿಯನ್ನೇ ಎತ್ತಿಹಿಡಿಯಿತು. 1904ರಲ್ಲಿ ಪತ್ತಿನ ಸಂಘಗಳ ಕಾಯಿದೆಯಾಯಿತು. ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ ಎಂಬ ವೆಸ್ಟರ್‌ವಾಲ್ಡಿನ ಕಟ್ಟಳೆ ಅದರಲ್ಲಿ ಕುಳಿತಿತ್ತು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ಈ ಕಾಯಿದೆಯ ಕೆಳಗೆ ದೇಶದಲ್ಲೇ ಮೊಟ್ಟಮೊದಲು ಎದ್ದವುಗಳಲ್ಲಿ ಒಂದು. ವೈಯರ್‌ಬುಶ್ ಒಲೆಯ ಕೆಂಡ ಕಣಗಿನಹಾಳಕ್ಕೆ ಬಂದು ತಲುಪಲು ಹಿಡಿದದ್ದು 58 ವರ್ಷ.

ಇನ್ನೊಂದು ಪಾಠ ಕಹಿಯಾದದ್ದು. 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ ಮೇ 2ರಂದು ಕಾರ್ಮಿಕ ಸಂಘಗಳನ್ನು ಒಡೆದುಹಾಕಿದರು. ಒಕ್ಕಲಿಗರ ಸಹಕಾರ ಸಂಘಗಳನ್ನು ಒಡೆಯಲಿಲ್ಲ, ತಮ್ಮ ಸರಕಾರಿ ಯಂತ್ರದೊಳಕ್ಕೆ ಜೋಡಿಸಿಕೊಂಡರು. ಬೋರ್ಡು ಉಳಿಯಿತು, ಸದಸ್ಯನ ಮಾತು ಅಡಗಿತು. ಸಭೆ ಸತ್ತರೆ ಸಂಘ ಯಾರ ಕೈಗಾದರೂ ಸಿಗುತ್ತದೆ.

ಇದು ಪರದೇಶದ ಮಾತೆಂದು ತಿಳಿಯಬೇಡಿರಿ. ನಾವು ಮಾಸ್ತರಿಕೆ ಮಾಡುತ್ತಿದ್ದ ಊರಿನಲ್ಲೂ ಒಂದು ಪತ್ತಿನ ಸಂಘವಿತ್ತು. ಹೆಸರು ಬೇಡ. ವಾರ್ಷಿಕ ಸಭೆಯ ಪುಸ್ತಕವನ್ನು ಜವಾನ ಮನೆಮನೆಗೆ ತರುತ್ತಿದ್ದ, ಸದಸ್ಯರು ನಿಂತಲ್ಲೇ ಸಹಿ ಹಾಕುತ್ತಿದ್ದರು. ಮೂರು ವರ್ಷ ನಾವೂ ಹಾಕಿದೆವು, ಒಮ್ಮೆಯೂ ಓದದೆ. ನಾಲ್ಕನೆಯ ವರ್ಷ ಕಾರ್ಯದರ್ಶಿಯ ನಂಟರ ಸಾಲವೇ ಸಂಘದ ಬಹುಪಾಲು ಎಂದು ಗೊತ್ತಾಯಿತು. ಒಬ್ಬ ಮುದುಕಿ ಠೇವಣಿ ಕೇಳಲು ಶಾಲೆಗೇ ಬಂದಳು. “ಸಹಿ ನಿಮ್ಮದೂ ಇದೆಯಲ್ಲ ಮಾಸ್ತರ?” ಎಂದಳು. ಉತ್ತರ ಹೊಳೆಯಲಿಲ್ಲ. ಕಾರ್ಯದರ್ಶಿಯನ್ನು ಬೈಯುವುದು ಸುಲಭ. ಓದದೆ ಸಹಿ ಹಾಕಿದ ಕೈ ನಮ್ಮದೇ ಆಗಿತ್ತು.

ಸಹಕಾರದ ವಿಚಾರವನ್ನು 2016ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದು. ಆದರೆ ಪಟ್ಟಿಯಲ್ಲಿ ಸೇರಿದ್ದರಿಂದ ರೊಟ್ಟಿ ಬೇಯುವುದಿಲ್ಲ.

ಆದುದರಿಂದ ನಾವು ಕೇಳುವುದು ಇಷ್ಟೇ. ಸಂಘ ಕಟ್ಟುವುದಾದರೆ ಇಡೀ ಊರಿಗೆ ಒಂದು ದೊಡ್ಡ ಬೋರ್ಡು ಬೇಡ. ಒಬ್ಬರ ಮುಖ ಒಬ್ಬರು ಬಲ್ಲ ಖಾತೆಗೊಂದು, ಓಣಿಗೊಂದು ಇರಲಿ. ಗಿರಣಿಯವರದೂ ಅಂಗಡಿಯವರದೂ ಸಾಲದ ವಾಯಿದೆ ಬೇರೆಬೇರೆ ಇರಲಿ. ಯಾರಾದರೊಬ್ಬ ದೊಡ್ಡವರ ದಾನದಿಂದ ಆರಂಭ ಮಾಡುವ ಆಸೆ ಬೇಡ. ತಿಂಗಳಿಗೊಮ್ಮೆ ಲೆಕ್ಕವನ್ನು ಗಟ್ಟಿಯಾಗಿ ಓದಲಿ, ಓದಲು ಬಾರದವರೂ ಕೇಳಿ ತಿಳಿಯಲಿ. ಇಷ್ಟಕ್ಕೆ ಪುರುಸೊತ್ತಿಲ್ಲವೆಂದರೆ ಸಂಘ ಕಟ್ಟದಿರುವುದೇ ಲೇಸು. ಮುದುಕಿಯ ಠೇವಣಿಯಾದರೂ ಉಳಿದೀತು.

ಪುರುಸೊತ್ತು ಮಾಡಿಕೊಳ್ಳುವಿರೆಂದು ನಂಬಿದ್ದೇವೆ. ಲೆಕ್ಕ ಓದುವ ಮೊದಲ ಪಾಳಿ ನಮ್ಮದಿರಲಿ. ಈ ಸಲ ಸಹಿ ಆಮೇಲೆ.