ಮಾತೃಕೆಯೂ ಪ್ರತಿಯೂ



2020ನೆಯ ಇಸವಿಯ ವಿಜಯದಶಮಿಯಂದು ಜಂಬೂಸವಾರಿಯು ಬನ್ನಿಮಂಟಪಕ್ಕೆ ಬಾರದೆ ಅರಮನೆಯ ಆವರಣದಲ್ಲಿಯೇ ಮುಗಿದುದು ಸರ್ವವಿದಿತವಾದುದು. ಆ ಮಹಾಮಾರಿಯ ಕಾಲದಲ್ಲಿ ಆರ್.ಟಿ.ಪಿ.ಸಿ.ಆರ್. ಎಂಬ ಪರೀಕ್ಷೆಯ ಹೆಸರು ಮನೆಮನೆಯ ಮಾತಾಯಿತು. ಅದರ ತತ್ತ್ವವನ್ನು ಅರಿತವರು ಮಾತ್ರ ವಿರಳ.

ರೋಗಿಯ ಮಾದರಿಯಲ್ಲಿ ದೊರೆಯುವ ವೈರಸಿನ ಆರ್.ಎನ್.ಎ. ಅತ್ಯಲ್ಪವಾದುದು, ಬೇಗನೆ ನಶಿಸತಕ್ಕದ್ದು. ಆದಕಾರಣ, 1970ರಲ್ಲಿ ಟೆಮಿನ್, ಬಾಲ್ಟಿಮೋರ್ ಎಂಬ ವಿದ್ವಾಂಸರು ಬೇರೆಬೇರೆಯಾಗಿ ಕಂಡುಹಿಡಿದಂಥ ಕಿಣ್ವದಿಂದ ಅದನ್ನು ಮೊದಲು ಡಿ.ಎನ್.ಎ. ರೂಪಕ್ಕೆ ತಿರುಗಿಸುವರು. ತರುವಾಯ ಕಾಯಿಸಿ ಆರಿಸುವ ಒಂದೊಂದು ಆವರ್ತದಲ್ಲಿಯೂ ಅದು ಇಮ್ಮಡಿಯಾಗುವುದು. ಎಲ್ಲವೂ ಸರಿಯಾಗಿ ನಡೆದರೆ 30 ಆವರ್ತಗಳಲ್ಲಿ ಒಂದು ಎಳೆಯು 107 ಕೋಟಿಯನ್ನು ಮೀರುವುದು.

ಓಲೆಗರಿಯ ಗ್ರಂಥಗಳನ್ನು ಬಲ್ಲವರಿಗೆ ಇಲ್ಲಿಯ ಅಪಾಯವು ಹೊಸದಲ್ಲ. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಮೊದಲ ಲಿಪಿಕಾರನ ತಪ್ಪೂ ಹಬ್ಬುವುದಷ್ಟೆ! ಹಾಗೆಯೇ ನೆರೆಯ ನಳಿಕೆಯಿಂದ ಸಿಡಿದ ಕಣವೊಂದು ಕೋಟಿಯಾಗಿ, ನಿರೋಗಿಯನ್ನು ರೋಗಿಯೆಂದು ಸಾರೀತು. ಅದಕ್ಕಾಗಿಯೇ ಮಾದರಿಗಳ ಸಂಗಡ ಬರಿಯ ನೀರಿನ ನಳಿಕೆಯೊಂದನ್ನೂ ಇಡುವರು. ಅದರಲ್ಲಿ ವೈರಸಿನ ಗುರುತು ಕಂಡರೆ ಆ ಸರದಿಯ ಫಲಿತಾಂಶವನ್ನು ನಂಬತಕ್ಕದ್ದಲ್ಲ. 1984ರಲ್ಲಿ ಸ್ಥಾಪಿತವಾಗಿ ಬನ್ನಿಮಂಟಪದಲ್ಲಿ ನೆಲೆಸಿರುವ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನಂಥ ಸ್ಥಳದಲ್ಲಿ ಓದುವ ಮಕ್ಕಳು ಯಂತ್ರದ ನಡೆಗಿಂತ ಮೊದಲು ಈ ನೀರಿನ ನಳಿಕೆಯ ಮರ್ಮವನ್ನು ತಿಳಿಯುವುದು ಲೇಸು.

ವಂಶವಾಹಿಗಳಲ್ಲಿ ಯಾವುದು ಎಷ್ಟು ದುಡಿಯುತ್ತಿದೆಯೆಂದು ಅಳೆಯುವಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಒಂದರ ಆರ್.ಎನ್.ಎ. ಸಲೀಸಾಗಿ ಇಮ್ಮಡಿಸಿ ಮತ್ತೊಂದರದು ಹಿಂದುಳಿದರೆ ಪ್ರಮಾಣವೇ ಕೆಡುವುದು. ವಾನ್ ಗೆಲ್ಡರ್, ಎಬರ್‌ವೈನ್ ಮೊದಲಾದವರು 1990ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ಟಿ7 ಎಂಬ ವೈರಸಿನ ಕಿಣ್ವವು ಪ್ರತಿಯನ್ನು ನೋಡಿ ಪ್ರತಿ ಮಾಡದೆ, ಅದೇ ಡಿ.ಎನ್.ಎ. ಮಾತೃಕೆಯಿಂದಲೇ ಮತ್ತೆಮತ್ತೆ ಆರ್.ಎನ್.ಎ.ಯನ್ನು ಬರೆಯುವುದು. ವೃದ್ಧಿಯು ಮಂದವಾದರೂ ಪ್ರಮಾಣವು ಬಹುಮಟ್ಟಿಗೆ ಉಳಿಯುವುದು.