ಸಣ್ಣ ಬಿಲ್ಲೆ, ದೊಡ್ಡ ಕೆಲಸ



ಪಂಪ್‌ಸೆಟ್ಟು ಕೆಟ್ಟಾಗ ನಾವು ಹತ್ತಿರ ಹೋದರೆ ಏನಂತಾರೆ? “ನಿಂಗೇನು ಗೊತ್ತಾಗುತ್ತೆ, ಆಚೆ ಸರಿ” ಅಂತಾರೆ, ಅಲ್ವಾ? ಇವತ್ತು ಯುದ್ಧ ವಿಮಾನದ ಎಂಜಿನ್ನನ್ನೇ ಸರಿ ಮಾಡಿದ ಒಬ್ಬ ಹೆಣ್ಣುಮಗಳನ್ನು ನೆನೆಯೋಣ.

ಅವರ ಹೆಸರು ಬಿಯಾಟ್ರಿಸ್ ಶಿಲ್ಲಿಂಗ್. ದೇಶ ಇಂಗ್ಲೆಂಡ್. ಹುಟ್ಟಿದ್ದು 1909ರಲ್ಲಿ. ತಂದೆಯದು ಮಾಂಸದ ಅಂಗಡಿ. ಹುಡುಗಿ 14ನೇ ವಯಸ್ಸಿಗೇ ಮೋಟಾರ್ ಸೈಕಲ್ ಕೊಂಡಳು. ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತಳು. ಮುಂದೆ ಎಂಜಿನಿಯರಿಂಗ್ ಓದಿದರು. 1936ರಲ್ಲಿ ಸರ್ಕಾರದ ವಿಮಾನ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು.

1940ರಲ್ಲಿ ಜರ್ಮನಿಯ ವಿಮಾನಗಳು ಇಂಗ್ಲೆಂಡಿನ ಮೇಲೆ ಬಾಂಬು ಹಾಕಿದವು. ಇಂಗ್ಲೆಂಡಿನ ವಿಮಾನಗಳು ಎದುರು ನಿಂತವು. ಆದರೆ ಅವು ತಟ್ಟನೆ ಮೂತಿ ಕೆಳಗೆ ಮಾಡಿದರೆ ಎಂಜಿನ್ ಕಟ್ಟಿಕೊಳ್ಳುತ್ತಿತ್ತು! ಯಾಕೆ? ಪೆಟ್ರೋಲು ಒಮ್ಮೆಲೇ ನುಗ್ಗುತ್ತಿತ್ತು. ಬತ್ತಿ ಎಣ್ಣೆಯಲ್ಲಿ ಮುಳುಗಿದರೆ ದೀಪ ಆರಲ್ವಾ, ಹಾಗೆ. ಅಷ್ಟರಲ್ಲಿ ಶತ್ರು ತಪ್ಪಿಸಿಕೊಳ್ಳುತ್ತಿದ್ದ. ಪೈಲಟ್ ಜೀವಕ್ಕೂ ಅಪಾಯ.

ಬಿಯಾಟ್ರಿಸ್ ಯೋಚಿಸಿದರು. ಒಂದು ಸಣ್ಣ ಲೋಹದ ಬಿಲ್ಲೆ ಮಾಡಿದರು. ನಡುವೆ ಒಂದು ತೂತು. ನಲ್ಲಿಗೆ ಹಾಕುವ ವಾಷರ್ ಇದೆಯಲ್ಲ, ಅಂಥದ್ದು. ಪೆಟ್ರೋಲು ಬರುವ ದಾರಿಗೆ ಅದನ್ನು ಕೂರಿಸಿದರು. ಹೆಚ್ಚಿನ ಪೆಟ್ರೋಲು ನುಗ್ಗುವುದು ನಿಂತಿತು. 1941ರಲ್ಲಿ ಸಂಗಡಿಗರ ಜೊತೆ ವಿಮಾನ ನಿಲ್ದಾಣಗಳಿಗೆ ಹೋಗಿ ಬಿಲ್ಲೆ ಹಾಕಿಸಿದರು.

1990ರಲ್ಲಿ ಅವರು ತೀರಿಕೊಂಡರು. ಅವರ ಕೆಲಸ ಉಳಿದಿದೆ.

ಕಲಿತರೆ ಯಾರ ಕೈಗಾದರೂ ಯಂತ್ರ ಬಗ್ಗುತ್ತದೆ. ನಾಳೆ ಪಂಪ್‌ಸೆಟ್ಟು ಕೆಟ್ಟರೆ ಆಚೆ ಸರಿಯಬೇಡಿ. ಹತ್ತಿರ ನಿಂತು ನೋಡಿ. ಗೊತ್ತಾಗದಿದ್ದರೆ ಕೇಳಿ. ಮಗಳನ್ನೂ ಕರೆಯಿರಿ.