ನಿವೃತ್ತಿಗೆ ಯಾವ ಊರು?



ವಸಂತ್ ಕುಂಜ್‌ನಲ್ಲಿ ನಮ್ಮದು ಡಿಡಿಎ ಫ್ಲಾಟು, ಮೂರನೇ ಮಹಡಿ, ಲಿಫ್ಟ್ ಇಲ್ಲ. ಕೊಂಡಾಗ ಮೆಟ್ಟಿಲು ಎಷ್ಟೆಂದು ಯಾರೂ ಎಣಿಸಲಿಲ್ಲ. ಈಗ ದಿನಕ್ಕೆರಡು ಸಲ ಎಣಿಸುತ್ತೇನೆ: ಐವತ್ತೆರಡು. ಮಂಡಿನೋವಿನ ನಮ್ಮ ಮನೆಯವರು ತರಕಾರಿ ಗಾಡಿ ಬಂದಾಗ ಬುಟ್ಟಿಗೆ ಹಗ್ಗ ಕಟ್ಟಿ ಕೆಳಗಿಳಿಸುತ್ತಾರೆ. ನವೆಂಬರ್ ಬಂತೆಂದರೆ ಹೊಗೆ. ಹೋದ ಚಳಿಗಾಲ ಕೆಮ್ಮು ನಿಲ್ಲದೆ ಡಾಕ್ಟರ ಬಳಿ ಹೋದರೆ, "ಮುಂದಿನ ಚಳಿಗಾಲ ಬೇರೆ ಎಲ್ಲಾದರೂ ಇರಿ" ಎಂದರು. ಎಲ್ಲಿ ಎಂದು ಅವರು ಹೇಳಲಿಲ್ಲ, ಅದು ಅವರ ಕೆಲಸವೂ ಅಲ್ಲ.

ದೆಹಲಿ ಕನ್ನಡಿಗರಿಗೆ ಈ ಪ್ರಶ್ನೆ ಹಳೆಯದು. ಮೊದಲು ಉತ್ತರ ಎರಡೇ ಇದ್ದವು: ಇಲ್ಲೇ ಇರುವುದು, ಇಲ್ಲವೇ ಮೈಸೂರಿಗೋ ಧಾರವಾಡಕ್ಕೋ ಹಿಂದಿರುಗುವುದು. ಈಗ ಮೂರನೆಯದೂ ಸೇರಿದೆ. ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿದು ಕಾಫಿ ಕೈಗೆ ಬಂದರೆ ಸಾಕು, ಒಬ್ಬರು ಥಾಯ್ಲೆಂಡ್ ಎನ್ನುತ್ತಾರೆ, ಇನ್ನೊಬ್ಬರು ಪೋರ್ಚುಗಲ್ ಎನ್ನುತ್ತಾರೆ. ಕೆಲವರಿಗೆ ಮಕ್ಕಳಿರುವ ಊರೇ ಊರು.

ನಾವು ಮೊದಲು ನೋಡಿದ್ದು ಅದನ್ನೇ. ಮಗಳು ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿದ್ದಾಳೆ. ಕೆನಡಾದವರು 2011ರ ಕೊನೆಗೆ ತಂದೆತಾಯಿಯರಿಗೆಂದು ಸೂಪರ್ ವೀಸಾ ತಂದರು. 2022ರಿಂದ ಅದರಲ್ಲಿ ಒಮ್ಮೆಗೆ ಐದು ವರ್ಷದವರೆಗೂ ಇರಬಹುದು. ಆದರೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಮಾಡಿಸಿರಬೇಕು. ನಮ್ಮ ವಯಸ್ಸಿಗೆ, ಸಕ್ಕರೆ ಕಾಯಿಲೆಗೆ ಅದರ ಕಂತು ಎಷ್ಟಾಗುತ್ತದೆ ಎಂದು ಟಿಕೆಟ್‌ಗಿಂತ ಮೊದಲೇ ವಿಚಾರಿಸಿ.

ಹೋದೆವು, ಐದು ತಿಂಗಳು ಇದ್ದೆವು. ಮಗಳು ಅಳಿಯ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಅವರು ಹೊರಟರೆ ಸಂಜೆ ಆರರವರೆಗೆ ನಾವಿಬ್ಬರೇ. ಹೊರಗೆ ಹಿಮ, ಕಾರು ಓಡಿಸಲು ನನಗೆ ಬಾರದು, ಕೊತ್ತಂಬರಿ ಸೊಪ್ಪು ಬೇಕೆಂದರೂ ಶನಿವಾರದವರೆಗೆ ಕಾಯಬೇಕು. ಒಂದು ದಿನ ನಮ್ಮ ಮನೆಯವರು, "ರೀ, ಇಲ್ಲಿ ನನಗೆ ಬೈಯ್ಯಲಿಕ್ಕೂ ಒಬ್ಬ ತರಕಾರಿಯವನಿಲ್ಲ" ಎಂದರು. ನಕ್ಕೆವು. ವಾಪಸ್ ಟಿಕೆಟ್ ಮಾತ್ರ ಆ ವಾರವೇ ಮಾಡಿಸಿದೆವು.

ಅಮೆರಿಕದಲ್ಲಿ ಮಕ್ಕಳಿರುವವರು ಇನ್ನೊಂದು ವಿಷಯ ತಿಳಿದಿರಿ. ಇಳಿವಯಸ್ಸಿನಲ್ಲಿ ಗ್ರೀನ್ ಕಾರ್ಡ್ ಪಡೆದು ಹೋದವರು ಅಲ್ಲಿ ದುಡಿದಿರದಿದ್ದರೆ, ಐದು ವರ್ಷ ಸತತವಾಗಿ ಅಲ್ಲೇ ಇದ್ದ ಮೇಲಷ್ಟೇ ಹಣ ಕಟ್ಟಿ ಮೆಡಿಕೇರ್‌ಗೆ ಸೇರಲು ಸಾಧ್ಯ. ನಮ್ಮ ಸಿಜಿಎಚ್‌ಎಸ್ ಕಾರ್ಡನ್ನು ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸಿದರೆ ಚೆನ್ನಾಗಿದೆ ಎಂದು ಹಿಂದಿರುಗಿಸುತ್ತಾರೆ, ಅಷ್ಟೆ.

ಇನ್ನು ಮಕ್ಕಳಿಲ್ಲದ ಊರುಗಳು. ಥಾಯ್ಲೆಂಡಿನ ನಿವೃತ್ತಿ ವೀಸಾ ಐವತ್ತು ದಾಟಿದವರಿಗೆ ಸಿಗುತ್ತದೆ. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ಬೇಕು. ತೊಂಬತ್ತು ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಅಲ್ಲಿ ಫ್ಲಾಟು ಕೊಳ್ಳಬಹುದು, ನೆಲ ಕೊಳ್ಳುವಂತಿಲ್ಲ. ಮಲೇಷ್ಯಾ 2002ರಲ್ಲಿ 'ಮಲೇಷ್ಯಾ ನನ್ನ ಎರಡನೇ ಮನೆ' ಎಂಬ ಯೋಜನೆ ತಂದಿತು. ಒಳ್ಳೆಯ ಹೆಸರು. ಆದರೆ 2021ರಲ್ಲಿ ತಿಂಗಳ ಆದಾಯದ ಷರತ್ತು 10 ಸಾವಿರ ರಿಂಗಿಟ್‌ನಿಂದ ಒಮ್ಮೆಲೇ 40 ಸಾವಿರಕ್ಕೆ ಏರಿತು, 2024ರಲ್ಲಿ ನಿಯಮ ಮತ್ತೆ ಬದಲಾಯಿತು. ಬ್ರಿಟನ್ 2008ರಲ್ಲಿ, ಆಸ್ಟ್ರೇಲಿಯಾ 2018ರಲ್ಲಿ ತಮ್ಮ ನಿವೃತ್ತರ ವೀಸಾಗಳನ್ನು ಹೊಸಬರಿಗೆ ಮುಚ್ಚಿಯೇ ಬಿಟ್ಟವು. ಆದ್ದರಿಂದ ಇಲ್ಲಿನ ಫ್ಲಾಟು ಮಾರಿ ಹೊರಡುವವರನ್ನು ಕಂಡರೆ ನನಗೆ ಹೆದರಿಕೆ. ಬಾಡಿಗೆಗೆ ಕೊಟ್ಟು ಹೋಗಿ.

ನಮ್ಮ ಪರಿಚಯದ ದಂಪತಿ ಹಾಗೆ ಮಾರಿ ಹೋದವರು. ಯಾವ ದೇಶ ಎಂಬುದು ಬೇಡ. ಹದಿನಾಲ್ಕು ತಿಂಗಳಿಗೆ ಯಜಮಾನರು ತೀರಿಕೊಂಡರು. ಬ್ಯಾಂಕ್ ಖಾತೆ ಅವರೊಬ್ಬರ ಹೆಸರಿನಲ್ಲಿ, ಮನೆ ಕರಾರು ಅಲ್ಲಿನ ಭಾಷೆಯಲ್ಲಿ. ಆಕೆಗೆ ಬರುತ್ತಿದ್ದುದು ಕನ್ನಡ, ಸ್ವಲ್ಪ ಹಿಂದಿ. ಈಗ ಆಕೆ ಗುರುಗ್ರಾಮದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಅವರನ್ನು ನೋಡಿ ಬಂದ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಇವರೇ ಕೇಳಿದರು: "ನೀವು ಹೋದ ಮೇಲೆ ನಾನು ಆ ಊರಲ್ಲಿ ಒಬ್ಬಳೇ ಇರಬಲ್ಲೆನಾ? ಅದನ್ನು ಮೊದಲು ಹೇಳಿ."

ಅಲ್ಲಿಂದ ನಮ್ಮ ಪಟ್ಟಿ ತಲೆಕೆಳಗಾಯಿತು. ಹವಾಮಾನ, ಬಾಡಿಗೆ ಎಲ್ಲಾ ಹಿಂದೆ ಸರಿದವು. ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ, ಡಾಕ್ಟರು ಇದ್ದಾರೆಯೇ, ಆಕೆಗೆ ಬರುವ ಒಂದು ಭಾಷೆಯಾದರೂ ನಡೆಯುತ್ತದೆಯೇ ಎಂಬುದು ಮುಂದೆ ಬಂತು. ಪೆನಾಂಗ್ ಉಳಿದದ್ದು ಹಾಗೆ. ಜಾರ್ಜ್‌ಟೌನ್‌ನಲ್ಲಿ ತಮಿಳು ನಡೆಯುತ್ತದೆ, 1833ರ ಮಾರಿಯಮ್ಮನ ಗುಡಿಯಿದೆ, ಮತ್ತು ಕೋಲಾರದ ಕಡೆಯ ನಮ್ಮ ಮನೆಯವರಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ. ಪಟ್ಟಿಯಲ್ಲಿ ಮೈಸೂರೂ ಇನ್ನೂ ಇದೆ. ನಿಜ ಹೇಳಬೇಕೆಂದರೆ ಅದೇ ಮೇಲಿದೆ.

ಈ ನವೆಂಬರ್‌ನಲ್ಲಿ ಮೂರು ವಾರ ಪೆನಾಂಗ್, ಜನವರಿಯಲ್ಲಿ ಮೂರು ವಾರ ಮೈಸೂರು, ಎರಡೂ ಕಡೆ ಬಾಡಿಗೆ ಕೋಣೆ. ಜೀವನ ಪ್ರಮಾಣ ಪತ್ರವನ್ನು ಈಗ ಮೊಬೈಲಿಗೆ ಮುಖ ತೋರಿಸಿ ಕೊಡಬಹುದು, ಆ ಚಿಂತೆಯಿಲ್ಲ. ಎರಡೂ ಊರಿನಲ್ಲಿ ವಾರಕ್ಕೊಂದು ದಿನ ನಾನು ಕೋಣೆಯಿಂದ ಹೊರಬರುವಂತಿಲ್ಲ ಎಂದು ಕರಾರಾಗಿದೆ. ಆ ದಿನ ಬ್ಯಾಂಕು, ಔಷಧಿ, ತರಕಾರಿ ಎಲ್ಲವನ್ನೂ ಅವರೊಬ್ಬರೇ ಮಾಡಿ ಬರಬೇಕು. ಹಿಂದಿರುಗಿದ ಮೇಲೆ ಅವರು ಹೇಳುವ ಊರಿಗೆ ಪೆಟ್ಟಿಗೆ ಕಟ್ಟುತ್ತೇವೆ.